ಓರೆಗೆರೆಯೂ ನಕಾಶೆಗಾರನೂ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯ ಇಕ್ಕೆಲಗಳಲ್ಲಿ ಒಂದು ವೃತ್ತಿಯ ಚರಿತ್ರೆ ಚದರಿಕೊಂಡು ಬಿದ್ದಿದೆ. ಟಿಳಕವಾಡಿಯ ರೈಲ್ವೆ ಗೇಟನ್ನು ದಾಟಿ, ಉದ್ಯಮಬಾಗದ ಎರಕದ ಕಾರ್ಖಾನೆಗಳನ್ನೂ ಯಂತ್ರಶಾಲೆಗಳನ್ನೂ ಹಿಂದಿಕ್ಕಿ, ಮಚ್ಛೆಯ ಬಳಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣವಾದ ಜ್ಞಾನಸಂಗಮವನ್ನು ಬದಿಗೆ ಬಿಟ್ಟು, ಕೊನೆಗೆ ಮಲಪ್ರಭೆಯ ದಂಡೆಯಲ್ಲಿ ಹಂಚು ಇಟ್ಟಿಗೆಗಳಿಗೆ ಹೆಸರಾದ ಖಾನಾಪುರವನ್ನು ಮುಟ್ಟುವ ಪ್ರಯಾಣಿಕನ ಕಣ್ಣಿಗೆ ಬೀಳುವ ಎಷ್ಟೋ ವಸ್ತುಗಳು, ರೈಲುಹಳಿಯಾಗಲಿ, ಯಂತ್ರದ ಎರಕವಾಗಲಿ, ಸೇತುವೆಯ ಕಮಾನಾಗಲಿ, ಕಚೇರಿಯ ಮಾಡಾಗಲಿ, ತಾವು ಮೂಡುವ ಮುನ್ನ ಯಾವುದೋ ಮೇಜಿನ ಮೇಲೆ ಗೆರೆಯ ರೂಪದಲ್ಲಿ ಇದ್ದವುಗಳೇ ಸರಿ. ಆ ಗೆರೆಗಳನ್ನು ಎಳೆದ ನಕಾಶೆಗಾರರ ಹೆಸರುಗಳನ್ನು ಊರಿನ ಚರಿತ್ರೆಗಳು ಹೇಳುವುದಿಲ್ಲ. ಆದರೆ ಅವರ ಕೈಗೆಲಸದ ಒಂದು ಚಿಕ್ಕ ಸಮಸ್ಯೆಯನ್ನು ಹಿಡಿದು ಹಿಂದಕ್ಕೆ ನಡೆದರೆ, ಈ ನಾಡಿನ ನೆಲ, ಅಳತೆ, ಕಟ್ಟಡಗಳ ಕಥೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಸಮಸ್ಯೆ ಇಷ್ಟೆ: ಸಿದ್ಧವಾಗಿರುವ ಒಂದು ಆಕೃತಿಯನ್ನು ಓರೆಯಾಗಿ ಓಡುವ ಗೆರೆಯ ಮೇಲೆ, ಆ ಓರೆಗೆ ಸರಿಹೊಂದುವಂತೆ ಕೂರಿಸುವುದು ಹೇಗೆ?

ಚೌಕ ಹಾಕಿದಂತೆ ಬಡಾವಣೆಗಳನ್ನು ರಚಿಸಿದ ಊರುಗಳಲ್ಲಿ ಈ ಪ್ರಶ್ನೆ ಅಪರೂಪಕ್ಕೆ ಏಳುತ್ತದೆ. ಬೆಳಗಾವಿಯ ಹಳೆಯ ಭಾಗದಲ್ಲಿ ಅದು ದಿನದ ಪ್ರಶ್ನೆ. ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರದಲ್ಲಾಗಲಿ, ಕೋಟೆಯ ಪಶ್ಚಿಮಕ್ಕೆ ಬೆಳೆದ ಪೇಟೆಯಲ್ಲಾಗಲಿ, ಗಲ್ಲಿ ಬಾಗಿದಂತೆ ಮನೆಯ ಮುಂಗೋಡೆ ಬಾಗಿರುತ್ತದೆ, ನೆರೆಮನೆಯ ಗೋಡೆ ಸರಿದಂತೆ ಪಕ್ಕದ ಗೋಡೆ ಸರಿದಿರುತ್ತದೆ. ಅಂತಹ ಮನೆಯ ನಕಾಶೆಯಲ್ಲಿ ಬಾಗಿಲಿನ ಕುರುಹನ್ನು ಗೋಡೆಯ ಓರೆಗೆ ತಿರುಗಿಸದೆ ಇಟ್ಟರೆ ಬಾಗಿಲು ಗೋಡೆಯಿಂದ ಕಳಚಿಕೊಂಡು ನಿಲ್ಲುತ್ತದೆ. ಪಶ್ಚಿಮಕ್ಕೆ ಹೋದಂತೆ ನೆಲವೇ ಸಹ್ಯಾದ್ರಿಯ ಕಡೆಗೆ ಏರಿಳಿದು, ಗದ್ದೆಯ ಬದುಗಳು ಹಳ್ಳದ ತಿರುವನ್ನು ಅನುಸರಿಸುತ್ತವೆ. ಅಲ್ಲಿ ನೇರವಾದ ಗೆರೆಯನ್ನು ಹುಡುಕಿಯೇ ಕಾಣಬೇಕು.

ಪ್ರಾಚೀನರು ಈ ತೊಡಕನ್ನು ನೆಲದ ಮಟ್ಟಿಗೆ ನೀರಿಗೆ ಒಪ್ಪಿಸಿ ನಿಶ್ಚಿಂತರಾದರು. ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ಕಾಲದಲ್ಲಿ ಪಲಾಶಿಕೆ ಎನಿಸಿಕೊಂಡಿದ್ದ ನಗರ. ಐದನೆಯ ಶತಮಾನದಲ್ಲಿ ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಅಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿ, ಮಾತೃಸರಿತ್ ಎಂಬ ನದಿಯಿಂದ ಹಿಡಿದು ಇಂಗಿಣೀ ಸಂಗಮದ ವರೆಗೆ ೩೩ ನಿವರ್ತನ ಭೂಮಿಯನ್ನು ದತ್ತಿಯಾಗಿ ಬಿಟ್ಟನೆಂದು ತಾಮ್ರಶಾಸನ ಹೇಳುತ್ತದೆ. ಅಲ್ಲಿ ವಿಸ್ತೀರ್ಣಕ್ಕೆ ಸಂಖ್ಯೆಯುಂಟು, ದಿಕ್ಕಿಗೆ ಇಲ್ಲ. ಎಲ್ಲೆ ಯಾವ ಓರೆಯಲ್ಲಿ ಓಡುತ್ತದೆಂಬುದನ್ನು ನದಿಯೇ ತೋರಿಸಬೇಕಾಗಿತ್ತು. ಆದರೆ ಕಲ್ಲಿನ ಕೆಲಸಕ್ಕೆ ಕೈಯಿಟ್ಟಾಗ ನಮ್ಮ ಶಿಲ್ಪಿಗಳು ಓರೆಯನ್ನು ನಿಷ್ಕರ್ಷೆಯಿಂದ ಆಳಿದವರೆಂಬುದಕ್ಕೆ ಗದಗ ಸೀಮೆಯ ಡಂಬಳದ ದೊಡ್ಡಬಸಪ್ಪ ದೇವಾಲಯವೇ ಸಾಕ್ಷಿ. ಹನ್ನೆರಡನೆಯ ಶತಮಾನದ ಆ ಗುಡಿಯ ಗರ್ಭಗೃಹದ ಹೊರಮೈ ೨೪ ಮೊನೆಗಳ ನಕ್ಷತ್ರ. ಒಂದೇ ಚೌಕವನ್ನು ಒಂದೇ ಕೇಂದ್ರದ ಸುತ್ತ ಹದಿನೈದು ಹದಿನೈದು ಅಂಶಗಳಷ್ಟು ತಿರುಗಿಸಿ ಆರು ಸಲ ಇಟ್ಟರೆ ಆ ಇಪ್ಪತ್ತನಾಲ್ಕು ಮೊನೆಗಳು ಸಿಗುತ್ತವೆ. ಸಿದ್ಧವಾದ ಆಕೃತಿ ಒಂದು, ಅದನ್ನು ಊರಿ ನಿಲ್ಲಿಸುವ ಬಿಂದು ಒಂದು, ತಿರುಗಿಸುವ ಕೋನ ಒಂದು; ಇಂದಿನ ಗಣಕಯಂತ್ರ ಕೇಳುವ ಮೂರು ಮಾತುಗಳೂ ಅಲ್ಲಿಯೇ ಕಲ್ಲಾಗಿ ನಿಂತಿವೆ.

ಕಾಗದದ ಮೇಲಣ ಚರಿತ್ರೆ ಇದಕ್ಕಿಂತ ಬಹಳ ಈಚಿನದು. ೧೮೧೮ರಲ್ಲಿ ಬ್ರಿಟಿಷ್ ಸೇನಾನಿ ಮನ್ರೋನ ಸೇನೆ ಬೆಳಗಾವಿಯ ಕೋಟೆಯನ್ನು ಹಿಡಿದ ಮೇಲೆ ದಕ್ಷಿಣ ಮರಾಠಾ ಸೀಮೆಯೆನಿಸಿದ ಈ ಪ್ರದೇಶ ಕ್ರಮೇಣ ಮುಂಬಯಿ ಇಲಾಖೆಯ ಆಡಳಿತಕ್ಕೆ ಒಳಪಟ್ಟಿತು. ಗೋಲ್ಡ್‌ಸ್ಮಿಡ್, ವಿಂಗೇಟ್ ಮೊದಲಾದ ಅಧಿಕಾರಿಗಳು ೧೮೩೦ರ ದಶಕದಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ತೊಡಗಿ ರೂಢಿಸಿದ, ೧೮೪೭ರ ಜಂಟಿ ವರದಿಯಲ್ಲಿ ಸ್ಥಿರಪಡಿಸಿದ ಮೋಜಣಿಯ ಪದ್ಧತಿ ಇಲ್ಲಿಯ ಹೊಲಗದ್ದೆಗಳಿಗೂ ಬಂದಿತು. ಈ ಪದ್ಧತಿಯ ಸರಳತೆಯನ್ನು ನೆನೆದಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ. ಅಳೆಯುವ ಸರಪಳಿಯ ಉದ್ದ ೩೩ ಅಡಿ; ಅದರಲ್ಲಿ ೧೬ ಆಣೆಗಳು; ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ; ಅಂತಹ ೪೦ ಗುಂಟೆಗಳು ಒಂದು ಎಕರೆ. ಮೋಜಣಿದಾರನು ಹೊಲದ ಒಂದು ಮೂಲೆಯಿಂದ ಎದುರಿನ ಮೂಲೆಗೆ ಉದ್ದವಾದ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದು, ಕ್ರಾಸ್‌ಸ್ಟಾಫ್ ಎಂಬ, ಎರಡು ಸೀಳುಗಳನ್ನು ಲಂಬವಾಗಿ ಕೊರೆದ ಕೋಲನ್ನು ಆ ರೇಖೆಯ ಮೇಲೆ ನೆಟ್ಟು, ಎಲ್ಲೆಯನ್ನು ಗುರುತಿಸುವ ಪ್ರತಿಯೊಂದು ಬಾಂದುಕಲ್ಲಿಗೂ ಅಡ್ಡ ಅಳತೆ ಎಷ್ಟೆಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದನು. ಹೊಲದ ಯಾವ ಬದಿಯ ಕೋನವನ್ನೂ ಅವನು ಅಳೆಯಲಿಲ್ಲ. ಅವನಿಗೆ ಗೊತ್ತಿದ್ದ ಕೋನ ಲಂಬಕೋನವೊಂದೇ. ಎಷ್ಟು ದೂರ ನಡೆದು ಎಷ್ಟು ದೂರ ಪಕ್ಕಕ್ಕೆ ಸರಿಯಬೇಕೆಂಬ ಎರಡು ಅಂಕೆಗಳಿಂದ ಓರೆಗೆರೆ ತಾನೇ ಹುಟ್ಟಿ ಬರುತ್ತಿತ್ತು.

ಈ ಟಿಪ್ಪಣಿಗಳಿಂದ ಕಚೇರಿಯಲ್ಲಿ ಗ್ರಾಮನಕಾಶೆಯನ್ನು ರಚಿಸುವಾಗ ಕುರುಹುಗಳ ವಿಚಾರ ಬಂತು. ನಕಾಶೆಯ ಕುರುಹುಗಳಲ್ಲಿ ಎರಡು ಜಾತಿಗಳುಂಟು. ಗುಡಿ, ಮರ, ಹುಲ್ಲುಗಾವಲು ಇವುಗಳ ಕುರುಹು ಎಲ್ಲಿ ಬಿದ್ದರೂ ಉತ್ತರಕ್ಕೆ ತಲೆಯಿಟ್ಟು ನೆಟ್ಟಗೆ ನಿಲ್ಲಬೇಕು. ಗುಡಿಯ ಪಕ್ಕದ ಬದು ಓರೆಯಾಗಿದೆಯೆಂದು ಗುಡಿಯ ಕುರುಹು ವಾಲಕೂಡದು. ಬೇಲಿ, ಏರಿ, ಬಂಡಿದಾರಿ, ಇಳಿಜಾರು ದಂಡೆ ಇವುಗಳ ಕುರುಹಿಗಾದರೋ ಸ್ವಂತ ದಿಕ್ಕಿಲ್ಲ. ತಾವು ಕುಳಿತ ಗೆರೆಯ ದಿಕ್ಕೇ ಅವುಗಳ ದಿಕ್ಕು. ದಂಡೆಯ ಇಳಿಜಾರನ್ನು ತೋರಿಸುವ ಗಿಡ್ಡ ಗೀಟುಗಳು ಹಳ್ಳ ತಿರುಗಿದಲ್ಲೆಲ್ಲ ತಾವೂ ತಿರುಗಿ ಅದಕ್ಕೆ ಲಂಬವಾಗಿಯೇ ಇರಬೇಕು. ಹಾಗಲ್ಲದೆ ಸುಮ್ಮನೆ ಒಂದೇ ಕಡೆಗೆ ಎಳೆದರೆ ನೀರು ಎಲ್ಲಿಗೆ ಇಳಿಯುತ್ತದೆಂಬುದೇ ಓದುವವನಿಗೆ ತಿಳಿಯದು. ಯಾವ ಕುರುಹು ಗೆರೆಗೆ ಅಧೀನ, ಯಾವುದು ಸ್ವತಂತ್ರ ಎಂಬ ಈ ವಿವೇಕವನ್ನು ಹಿರಿಯ ನಕಾಶೆಗಾರನು ಕಿರಿಯನಿಗೆ ಮೊದಲು ಕಲಿಸುವುದು ನ್ಯಾಯ. ಇಂದು ಪರದೆಯ ಮೇಲೆ ಕೆಲಸ ಮಾಡುವ ತರುಣರಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಈ ಭೇದವನ್ನು ಗಮನಿಸದಿರುವುದರಿಂದ ಆದವುಗಳೆಂದು ನನ್ನ ನಂಬಿಕೆ.

೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಅದೇ ದಶಕದಲ್ಲಿ ಲೋಂಡಾದ ಕಾಡಿನ ಮೂಲಕ ಹಳಿ ಹಾಸಿದಾಗ ಗೆರೆಗೆ ಅಧೀನವಾದ ಆಕೃತಿಗಳ ಸಂಖ್ಯೆ ಒಮ್ಮೆಲೇ ಏರಿತು. ಸ್ಲೀಪರುಗಳು ಹಳಿಗೆ ಲಂಬವಾಗಿರಬೇಕು, ಮೋರಿಗಳು ಹಳ್ಳದ ದಿಕ್ಕನ್ನು ಹಿಡಿಯಬೇಕು, ಹಳ್ಳ ಹಳಿಯನ್ನು ಓರೆಯಾಗಿ ದಾಟಿದರೆ ಮೋರಿಯ ಗೋಡೆಗಳು ಎರಡು ಗೆರೆಗಳಿಗೂ ಸಲ್ಲಬೇಕು. ಒಂದು ಮೀಟರಿನ ಗೇಜು ಶತಮಾನ ಕಳೆದು ೧೬೭೬ ಮಿಲಿಮೀಟರಿನ ಅಗಲಗೇಜಾದಾಗಲೂ ಈ ನಿಯಮ ಮಾತ್ರ ಹಾಗೆಯೇ ಉಳಿಯಿತು.

೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷದ ತೂಕ ಅಳತೆಗಳ ಕಾಯಿದೆಯಿಂದ ಮೆಟ್ರಿಕ್ ಮಾನ ದೇಶಕ್ಕೆ ಬಂದು, ಅಂಗುಲಕ್ಕೆ ಎಂಟು ಅಡಿಯ ಪ್ರಮಾಣದಲ್ಲಿ, ಎಂದರೆ ತೊಂಬತ್ತಾರರಲ್ಲಿ ಒಂದರಂತೆ, ಬರೆಯುತ್ತಿದ್ದ ಮನೆಯ ನಕಾಶೆ ಮೆಲ್ಲಮೆಲ್ಲನೆ ನೂರರಲ್ಲಿ ಒಂದಕ್ಕೆ ತಿರುಗಿತು. ಈ ನಾಲ್ಕರ ಅಂತರ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ಆದರೆ ಹಳೆಯ ಪ್ರಮಾಣಕ್ಕೆ ಕೊರೆದಿಟ್ಟ ಅಚ್ಚುಹಾಳೆಗಳನ್ನು ನಿರುಪಯುಕ್ತ ಮಾಡುವುದಕ್ಕೆ ಅಷ್ಟೇ ಸಾಕಾಗಿತ್ತು. ಆ ಕಾಲದ ಕೆಲಸದ ರೀತಿಯನ್ನು ಹತ್ತಿರದಿಂದ ನೋಡಬೇಕು. ಬಾಗಿಲು, ಕಿಟಕಿ, ಮೆಟ್ಟಿಲಸಾಲು, ಶೌಚದ ಕುಂಡ ಇವುಗಳನ್ನು ಒಂದು ದಪ್ಪ ಹಾಳೆಯ ಮೇಲೆ ಬಳಸುವ ಪ್ರಮಾಣದಲ್ಲಿಯೇ ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡಿರುತ್ತಿದ್ದರು. ಓರೆಗೋಡೆಯಲ್ಲಿ ಬಾಗಿಲನ್ನು ಕೂರಿಸಬೇಕಾದಾಗ ಆ ಹಾಳೆಯನ್ನು ಟ್ರೇಸಿಂಗ್ ಕಾಗದದ ಅಡಿಗೆ ಸರಿಸಿ, ಬಾಗಿಲ ಕೀಲಿನ ಬಿಂದು ಗೋಡೆಯ ಮೇಲೆ ಗುರುತಿಸಿದ ಬಿಂದುವಿನ ಕೆಳಗೆ ಸರಿಯಾಗಿ ಬಂದೊಡನೆ ಅಲ್ಲಿ ಗುಂಡುಸೂಜಿಯೊಂದನ್ನು ಒತ್ತಿ ಹಿಡಿದು, ಹಾಳೆಯಲ್ಲಿ ಬರೆದ ಗೋಡೆಯ ಗೆರೆ ಮೇಲಣ ಗೋಡೆಯ ಗೆರೆಯಲ್ಲಿ ಮರೆಯಾಗಿ ಹೋಗುವ ತನಕ ಕೆಳಗಿನ ಹಾಳೆಯನ್ನು ನಿಧಾನವಾಗಿ ತಿರುಗಿಸಬೇಕು. ಎರಡು ಗೆರೆ ಒಂದಾದ ಕ್ಷಣದಲ್ಲಿ ಕೈ ನಿಲ್ಲಿಸಿ ಮಸಿಯ ಲೇಖನಿಯಿಂದ ತಿದ್ದಬೇಕು. ಕೋನಮಾಪಕ ಬೇಕಿಲ್ಲ, ಅಂಶಗಳ ಲೆಕ್ಕ ಬೇಕಿಲ್ಲ. ಸೂಜಿ ಊರಿದ ಬಿಂದುವೂ ಮರೆಯಾದ ಗೆರೆಯೂ ಸೇರಿ ಎಲ್ಲವನ್ನೂ ನಿರ್ಣಯಿಸುತ್ತಿದ್ದವು. ಕೈ ತಪ್ಪಿದರೆ ಬ್ಲೇಡಿನಿಂದ ಮಸಿಯನ್ನು ಕೆರೆದು ತೆಗೆಯಬೇಕು, ಕೆರೆದ ಕಡೆ ಕಾಗದದ ಹೊಳಪು ಹೋಗಿ ಮಸಿ ಹರಡುತ್ತದೆ. ಹೀಗಾಗಿ ಅವಸರಕ್ಕೆ ಅಲ್ಲಿ ಎಡೆಯಿರಲಿಲ್ಲ. ಕೆಲಸ ಮುಗಿದ ಹಾಳೆ ಅಮೋನಿಯದ ಘಾಟಿನ ಪೆಟ್ಟಿಗೆಯಲ್ಲಿ ಪ್ರತಿಯಾಗಿ ಹೊರಬಂದು ನಗರಸಭೆಯ ಮೊಹರಿಗಾಗಿ ಹೋಗುತ್ತಿತ್ತು.

ಖಾನಾಪುರದ ಕಡೆಯ ನಕಾಶೆಗಾರನಿಗೆ ಗೋಡೆಗಿಂತ ಹೆಚ್ಚಾಗಿ ಮಾಡಿನದೇ ಚಿಂತೆ. ಜಾಂಬೋಟಿ, ಕಣಕುಂಬಿಗಳ ಮಳೆಯನ್ನು ಬಲ್ಲವರಿಗೆ ಅಲ್ಲಿಯ ಮನೆಗಳ ಮಾಡು ಏಕೆ ಅಷ್ಟು ಕಡಿದಾಗಿರುತ್ತದೆಂದು ಹೇಳಬೇಕಾದುದಿಲ್ಲ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ತೊಡಗಿಸಿದ ಹಂಚಿನ ಮಾದರಿ ಘಟ್ಟ ಹತ್ತಿ ಬಂದಿತು. ಹಂಚನ್ನೂ ಇಟ್ಟಿಗೆಯನ್ನೂ ಸುಡುವುದು ಖಾನಾಪುರದ ಕಸುಬೂ ಆಯಿತು. ಆ ಹಂಚಿನ ಮಾಡಿನ ಛೇದಚಿತ್ರವನ್ನು ಬರೆಯುವುದು ಓರೆಗೆರೆಯ ವಿದ್ಯೆಗೆ ಒಳ್ಳೆಯ ಪರೀಕ್ಷೆ. ಇಳಿಜಾರಿನ ಜಂತಿ ಒಂದು ಓರೆಗೆರೆ. ಅದರ ಮೇಲೆ ಸುಮಾರು ೩೨ ಸೆಂಟಿಮೀಟರಿಗೊಂದರಂತೆ ರೀಪುಗಳು. ಪ್ರತಿಯೊಂದು ರೀಪಿಗೂ ಹಂಚು ತನ್ನ ಮೇಲ್ತುದಿಯ ಅಡಿಯಲ್ಲಿರುವ ಗಿಡ್ಡ ಕೊಕ್ಕೆಯಿಂದ ಜೋತು ಬಿದ್ದಿರುತ್ತದೆ. ಆದುದರಿಂದ ಹಂಚಿನ ಆಕೃತಿಯನ್ನು ಹಿಡಿಯಬೇಕಾದ ಬಿಂದು ಅದರ ತುದಿಯೂ ಅಲ್ಲ, ನಡುವೂ ಅಲ್ಲ, ಆ ಕೊಕ್ಕೆ. ಇನ್ನೊಂದು ಸೂಕ್ಷ್ಮವುಂಟು. ಹಂಚಿನ ಕೆಳತುದಿ ತನಗಿಂತ ಕೆಳಗಿನ ಹಂಚಿನ ಬೆನ್ನ ಮೇಲೆ ಕೂರುವುದರಿಂದ, ಹಂಚು ಜಂತಿಯಷ್ಟು ಇಳಿಜಾರಾಗಿರದೆ ಒಂದಿಷ್ಟು ಮಲಗಿಕೊಂಡೇ ಇರುತ್ತದೆ. ಮಾಡು ಮೂವತ್ತು ಅಂಶದ್ದೆಂದು ಹಂಚನ್ನೂ ಮೂವತ್ತು ಅಂಶಕ್ಕೆ ತಿರುಗಿಸಿ ಬರೆದ ಚಿತ್ರ ಒಪ್ಪವಾಗಿ ಕಂಡರೂ ಅದರಂತೆ ಮಾಡನ್ನು ಹೊದಿಸಲು ಬಡಗಿಯಿಂದ ಆಗದು. ಬಲ್ಲವನು ಮೊದಲ ಹಂಚನ್ನು ಬರೆಯುವಾಗಲೇ, ಜಂತಿಯ ಗೆರೆಯನ್ನು ಅಡ್ಡಗೆರೆಯೆಂದು ಇಟ್ಟುಕೊಂಡು, ಆ ಅಲ್ಪ ವ್ಯತ್ಯಾಸವನ್ನು ಆಕೃತಿಯೊಳಗೇ ಸೇರಿಸಿ ಬರೆದಿರುತ್ತಾನೆ. ಆಮೇಲೆ ಎಷ್ಟು ಕಡಿದಾದ ಮಾಡಿನ ಮೇಲೆ ಕೂರಿಸಿದರೂ ಹಂಚು ಹಂಚಿನ ಮೇಲೆ ಸರಿಯಾಗಿಯೇ ಒರಗುತ್ತದೆ.

ಒಂದು ಆಕೃತಿಯನ್ನು ಒಮ್ಮೆ ಬರೆದು ಬೇಕಾದೆಡೆಯಲ್ಲೆಲ್ಲ ಬೇಕಾದ ಓರೆಯಲ್ಲಿ ನಿಲ್ಲಿಸುವ ಕೆಲಸವನ್ನು ಯಂತ್ರಕ್ಕೆ ಮೊದಲು ಕಲಿಸಿದವನು ಅಮೆರಿಕದ ಐವನ್ ಸದರ್ಲೆಂಡ್. ೧೯೬೩ರಲ್ಲಿ ಅವನು ಎಂಐಟಿಯ ಲಿಂಕನ್ ಪ್ರಯೋಗಶಾಲೆಯ ಟಿಎಕ್ಸ್-೨ ಗಣಕದ ಮೇಲೆ ನಿರ್ಮಿಸಿದ ಸ್ಕೆಚ್‌ಪ್ಯಾಡಿನಲ್ಲಿ ಮೂಲಚಿತ್ರವೆಂದು ಒಂದು, ಅದರ ಪ್ರತಿಬಿಂಬಗಳೆಂದು ಹಲವು. ಪ್ರತಿಬಿಂಬಕ್ಕೆ ತನ್ನದೇ ಆದ ಸ್ಥಾನ, ಗಾತ್ರ, ತಿರುವು. ಮೂಲವನ್ನು ತಿದ್ದಿದರೆ ಎಲ್ಲ ಪ್ರತಿಬಿಂಬಗಳೂ ತಿದ್ದಿಕೊಳ್ಳುತ್ತಿದ್ದವು. ೧೯೮೨ರಲ್ಲಿ ಆಟೊಡೆಸ್ಕ್ ಸಂಸ್ಥೆ ಹೊರತಂದ ಆಟೊಕ್ಯಾಡ್ ಇದೇ ಭಾವನೆಯನ್ನು ಬ್ಲಾಕ್ ಎಂಬ ಹೆಸರಿನಿಂದ ಸಾಮಾನ್ಯ ಕಚೇರಿಯ ಮೇಜಿಗೆ ತಂದಿತು. ೧೯೯೦ರ ದಶಕದಲ್ಲಿ ಅದು ನಮ್ಮ ನಗರಗಳ ನಕಾಶೆಮೇಜುಗಳನ್ನು ಒಂದೊಂದಾಗಿ ತೆರವು ಮಾಡಿಸಿತು. ೧೯೯೮ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾಲಯವು ಗಣಕದ ನೆರವಿನ ಎಂಜಿನಿಯರಿಂಗ್ ಡ್ರಾಯಿಂಗನ್ನು ಎಲ್ಲ ಶಾಖೆಗಳ ಮೊದಲ ವರ್ಷದ ಪಾಠವಾಗಿಸಿದ ಮೇಲಂತೂ, ಬೀದರಿನಿಂದ ಚಾಮರಾಜನಗರದ ತನಕ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಓರೆಗೆರೆಯ ಮೊದಲ ಪರಿಚಯ ಪರದೆಯ ಮೇಲೆಯೂ ಆಗತೊಡಗಿತು.

ಯಂತ್ರ ಕೇಳುವುದು ಸೂಜಿಯೂ ಅಡಿಹಾಳೆಯೂ ಕೇಳುತ್ತಿದ್ದುದನ್ನೇ. ಇನ್‌ಸರ್ಟ್ ಎಂದೊಡನೆ ಬ್ಲಾಕನ್ನು ಊರುವ ಬಿಂದು ಯಾವುದೆನ್ನುತ್ತದೆ. ಆಮೇಲೆ ತಿರುವಿನ ಕೋನ ಎಷ್ಟೆನ್ನುತ್ತದೆ. ಅನುಭವಸ್ಥನು ಆಗ ಸಂಖ್ಯೆಯನ್ನು ಒತ್ತದೆ ಗೋಡೆಯ ಗೆರೆಯ ಮೇಲೆಯೇ ಇನ್ನೊಂದು ಬಿಂದುವನ್ನು ಮುಟ್ಟಿ ತೋರಿಸುತ್ತಾನೆ, ಕೋನವನ್ನು ಯಂತ್ರವೇ ಲೆಕ್ಕ ಹಾಕಿಕೊಳ್ಳುತ್ತದೆ. ರೀಪುಗಳಂತೆ ಸಮಾನ ಅಂತರದಲ್ಲಿ ಸಾಲಾಗಿ ಕೂರಬೇಕಾದವುಗಳಿಗೆ ಮೆಷರ್ ಎಂಬ ಆಜ್ಞೆಯುಂಟು. ಬ್ಲಾಕನ್ನು ಗೆರೆಗೆ ಹೊಂದಿಸಬೇಕೇ ಎಂದು ಅದು ಕೇಳಿದಾಗ ಹೌದೆಂದರೆ ಎಲ್ಲವೂ ಗೆರೆಯ ಓರೆಗೆ ತಿರುಗಿ ಕೂರುತ್ತವೆ. ಅಳತೆ ತೊಡಗುವುದು ನಾವು ಗೆರೆಯನ್ನು ಯಾವ ತುದಿಯ ಹತ್ತಿರ ಮುಟ್ಟಿದೆವೋ ಆ ತುದಿಯಿಂದ. ಆದುದರಿಂದ ಸೂರಿನ ಕಡೆ ಮುಟ್ಟಬೇಕು, ಉಳಿಕೆಯ ತುಂಡು ಮಾಡಿನ ನೆತ್ತಿಯ ಕಡೆ ಬೀಳಬೇಕು, ಬಡಗಿಯ ಕ್ರಮವೂ ಅದೇ. ಮಾಡಿನ ಎದುರು ಪಕ್ಕಕ್ಕೆ ಮಾತ್ರ ಬರಿಯ ತಿರುವು ಸಾಲದು: ಮೂವತ್ತು ಅಂಶದ ಹಂಚನ್ನು ನೂರ ಐವತ್ತಕ್ಕೆ ತಿರುಗಿಸಿದರೆ ಕೊಕ್ಕೆ ಆಕಾಶವನ್ನು ನೋಡುತ್ತದೆ. ಅಲ್ಲಿ ಬೇಕಾದುದು ಕನ್ನಡಿಯ ಬಿಂಬ. ೨೦೦೬ರ ಆವೃತ್ತಿಯಲ್ಲಿ, ಗೆರೆಯ ಹತ್ತಿರ ಒಯ್ದೊಡನೆ ತಾನಾಗಿಯೇ ಅದರ ಓರೆಗೆ ತಿರುಗುವ ಬ್ಲಾಕುಗಳೂ ಬಂದವು. ಆದರೆ ಅವುಗಳಿಗೂ ತಾವು ಯಾವ ಬಿಂದುವಿನಿಂದ ನೋಡಬೇಕೆಂಬುದನ್ನು ಬರೆಯುವವನೇ ಮೊದಲು ಹೇಳಿಕೊಡಬೇಕು.

ದಿಕ್ಕನ್ನು ಎಣಿಸುವ ರೀತಿಯಲ್ಲಿ ಮೋಜಣಿಗೂ ಯಂತ್ರಕ್ಕೂ ಒಂದು ಹಳೆಯ ವಿರೋಧವಿದೆ. ದಿಕ್ಸೂಚಿಯನ್ನು ಹಿಡಿದವನು ಉತ್ತರದಿಂದ ತೊಡಗಿ ಪ್ರದಕ್ಷಿಣವಾಗಿ ಎಣಿಸುತ್ತಾನೆ. ಗಣಿತವನ್ನು ಹಿಡಿದ ಯಂತ್ರ ಪೂರ್ವದಿಂದ ತೊಡಗಿ ಅಪ್ರದಕ್ಷಿಣವಾಗಿ ಎಣಿಸುತ್ತದೆ. ನಲವತ್ತೈದು ಅಂಶದ ಗೆರೆ ಎರಡರಲ್ಲಿಯೂ ಒಂದೇ ಕಡೆಗೆ ಬೀಳುವುದರಿಂದ, ಅದನ್ನೇ ಬರೆದು ಪರೀಕ್ಷಿಸಿದ ಹೊಸಬನಿಗೆ ಎಲ್ಲವೂ ಸರಿಯೆನಿಸುತ್ತದೆ. ಮೂವತ್ತರ ಗೆರೆಯನ್ನು ಎಳೆದಾಗ ಅದು ಅರವತ್ತರ ಸ್ಥಾನದಲ್ಲಿ ಹೋಗಿ ನಿಲ್ಲುತ್ತದೆ. ಅಕ್ಷರಗಳ ವಿಷಯವೂ ಹೀಗೆಯೇ. ರಸ್ತೆಯ ಹೆಸರು ರಸ್ತೆಯ ಓರೆಯಲ್ಲಿ ಓಡಬೇಕು, ಆದರೆ ಓದುವವನ ತಲೆ ಕೆಳಗಾಗಬಾರದು. ಹಾಳೆಯ ಕೆಳಗಿನಿಂದಲೋ ಬಲದಿಂದಲೋ ಓದುವಂತಿರಬೇಕೆಂಬುದು ಕೈಬರಹದ ಕಾಲದ ಕಟ್ಟಳೆ. ಗೆರೆಯನ್ನು ಬಲದಿಂದ ಎಡಕ್ಕೆ ಎಳೆದಿದ್ದರೆ ಯಂತ್ರ ಆ ದಿಕ್ಕನ್ನೇ ನಂಬಿ ಅಕ್ಷರಗಳನ್ನು ತಲೆಕೆಳಗಾಗಿ ನಿಲ್ಲಿಸುತ್ತದೆ. ನೂರೆಂಬತ್ತು ಅಂಶ ತಿರುಗಿಸಿ ಸರಿಪಡಿಸುವ ಹೊಣೆ ಮನುಷ್ಯನದು.

ಈ ವಿದ್ಯೆಯ ಅತಿ ಗುರುತರವಾದ ಉಪಯೋಗ ಇಂದು ಹದ್ದುಬಸ್ತಿನ, ಎಂದರೆ ಹೊಲದ ಎಲ್ಲೆಯನ್ನು ಗುರುತಿಸಿಕೊಡುವ, ಕೆಲಸದಲ್ಲಿದೆ ಎಂದು ನಾನು ತಿಳಿಯುತ್ತೇನೆ. ಸರಪಳಿಯ ಕಾಲದ ಟಿಪ್ಪಣಿಯನ್ನು ಆಣೆ ಬಿಡದೆ ಗಣಕಕ್ಕೆ ಏರಿಸಿದಾಗ ಇಡೀ ಹೊಲವೇ ಒಂದು ಬ್ಲಾಕ್ ಆಗುತ್ತದೆ. ಆ ಹೊಲದ ಬಾಂದುಕಲ್ಲುಗಳಲ್ಲಿ ಉಳಿದ ಒಂದೆರಡನ್ನು ಇಂದಿನ ಉಪಗ್ರಹಯಂತ್ರಗಳಿಂದ ಅಳೆದು ಅದೇ ಪರದೆಯ ಮೇಲೆ ಗುರುತಿಸಬಹುದು. ಆಗ ಅಲೈನ್ ಎಂಬ ಆಜ್ಞೆ: ಟಿಪ್ಪಣಿಯ ಮೊದಲ ಕಲ್ಲನ್ನು ನೆಲದ ಮೊದಲ ಕಲ್ಲಿನ ಮೇಲೆ ಊರಿ, ಎರಡನೆಯ ಕಲ್ಲಿನಿಂದ ದಿಕ್ಕನ್ನು ಹಿಡಿದರೆ ಹೊಲ ತಿರುಗಿ ತನ್ನ ಓರೆಯಲ್ಲಿ ಮಲಗುತ್ತದೆ. ಕೊನೆಯಲ್ಲಿ ಯಂತ್ರ ಒಂದು ಮಾತು ಕೇಳುತ್ತದೆ: ಎರಡೂ ಕಲ್ಲುಗಳು ಕೂಡುವಂತೆ ಆಕೃತಿಯನ್ನು ಹಿಗ್ಗಿಸಬೇಕೇ, ಬೇಡವೇ? ಹೌದೆಂದರೆ ಚಿತ್ರ ಕಲ್ಲಿಗೆ ಕಲ್ಲು ಕೂಡಿ ಸುಂದರವಾಗುತ್ತದೆ, ರೈತನ ಗುಂಟೆಗಳು ಮಾತ್ರ ಅವನಿಗೆ ಹೇಳದೆ ಕೇಳದೆ ಹೆಚ್ಚು ಕಡಮೆಯಾಗುತ್ತವೆ. ಯಂತ್ರವೇ ಸೂಚಿಸುವ ಉತ್ತರ ಬೇಡವೆಂಬುದು. ಒಳ್ಳೆಯ ಮೋಜಣಿದಾರನ ಉತ್ತರವೂ ಅದೇ. ಎರಡನೆಯ ಕಲ್ಲು ತನ್ನ ಮೂಲೆಯಿಂದ ಒಂದೆರಡು ಅಡಿ ದೂರ ಉಳಿದರೆ ಆ ಅಂತರವನ್ನು ಅವನು ಅಳಿಸದೆ ಇಟ್ಟುಕೊಂಡು ಮೂರನೆಯ ಕಲ್ಲನ್ನು ಹುಡುಕುತ್ತಾನೆ. ನೆಲದ ಮೇಲೆ ಕಲ್ಲುಗಳ ನಡುವಣ ದೂರಗಳೆಲ್ಲ ಟಿಪ್ಪಣಿಗಿಂತ ಒಂದೇ ಪ್ರಮಾಣದಲ್ಲಿ ಹೆಚ್ಚಾಗಿ ಕಂಡರೆ ಸಂಶಯ ಎಳೆದೆಳೆದು ಉದ್ದವಾದ ಹಳೆಯ ಸರಪಳಿಯ ಮೇಲೆ. ಒಂದು ಕಲ್ಲು ಮಾತ್ರ ಸಾಲಿನಿಂದ ಹೊರಗೆ ಬಿದ್ದಿದ್ದರೆ, ಆ ಕಲ್ಲನ್ನು ಯಾರು ಯಾವಾಗ ಸರಿಸಿದರೆಂದು ಎರಡೂ ಕಡೆಯ ಹೊಲದವರನ್ನು ಬದುವಿನ ಮೇಲೆ ಕೂರಿಸಿಕೊಂಡು ಕೇಳಬೇಕಾಗುತ್ತದೆ.